ಬಿತ್ತನೆಯ ಹಣ ಯಾರದು?

ನಂಜನಗೂಡು, ತಿರುಮಕೂಡಲು ನರಸೀಪುರಗಳ ಬಯಲಿನಲ್ಲಿ ಬೇಸಾಯ ಮಾಡುವ ಒಕ್ಕಲಿಗನಿಗೆ ಒಂದು ಮಾತನ್ನು ಯಾರೂ ಕಲಿಸಬೇಕಾದುದಿಲ್ಲ. ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಬಿತ್ತನೆಯ ಬತ್ತವನ್ನು ಕುಟ್ಟಿ ಉಣ್ಣಬಾರದೆಂಬುದೇ ಆ ಮಾತು. ಪ್ರತಿವರ್ಷವೂ ಬೀಜಕ್ಕಾಗಿ ಪರರ ಕಣಜದ ಬಾಗಿಲಿನಲ್ಲಿ ನಿಲ್ಲುವವನು ಏನನ್ನು ಬಿತ್ತಬೇಕು, ಎಂದು ಬಿತ್ತಬೇಕು ಎಂಬುದನ್ನು ತಾನಾಗಿ ನಿಶ್ಚಯಿಸಲಾರನು. ಗದ್ದೆ ಅವನದು, ಬೆವರು ಅವನದು. ಆದರೆ ಬೆಳೆಯ ಮೇಲಿನ ಅಧಿಕಾರ ಮಾತ್ರ ಬೀಜ ಕೊಟ್ಟವನದು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತಿರುವ ಆರೋಗ್ಯ ಸಂಶೋಧನೆಯ ಸ್ಥಿತಿಯನ್ನು ನೋಡಿದಾಗ ಈ ಮಾತು ನಮಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಇದನ್ನು ಈಗ ಎತ್ತಲು ಕಾರಣವಿಲ್ಲದೆ ಇಲ್ಲ. 2025ನೆಯ ಇಸವಿಯಲ್ಲಿ ಪ್ರಪಂಚದ ಆರೋಗ್ಯ ಕಾರ್ಯಕ್ಕೆ ಬಹುಕಾಲದಿಂದ ಒದಗುತ್ತಿದ್ದ ಧನದ ಹೊಳೆಯೊಂದು ಹಠಾತ್ತನೆ ಬತ್ತತೊಡಗಿತು. ಆ ವರ್ಷದ ಜನವರಿಯಲ್ಲಿ ಅಮೆರಿಕಾದ ಅಧ್ಯಕ್ಷರು ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆಜ್ಞೆಗೆ ರುಜು ಹಾಕಿದರು. ಮೇ ತಿಂಗಳಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳವರು, ತಮ್ಮಲ್ಲಿನ ವಿಶ್ವವಿದ್ಯಾನಿಲಯಗಳು ಪಡೆದ ಧನಸಹಾಯದಲ್ಲಿ ಒಂದು ಪಾಲನ್ನು ಪರದೇಶದ ಸಹಯೋಗಿಗಳಿಗೆ ಹಂಚುತ್ತಿದ್ದ ಹಳೆಯ ಏರ್ಪಾಡನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿದರು. ಜುಲೈ 1ನೆಯ ತಾರೀಖಿಗೆ ಯು.ಎಸ್. ಏಡ್ ಎಂಬ ಸಹಾಯ ಸಂಸ್ಥೆಯ ಬಾಗಿಲೂ ಮುಚ್ಚಿತು. ತಮ್ಮ ಹಣವನ್ನು ಎಲ್ಲಿ ವಿನಿಯೋಗಿಸಬೇಕೆಂಬುದು ಆ ಜನರ ಇಷ್ಟ. ಅದರ ಬಗ್ಗೆ ನಾವು ಗೊಣಗುವುದು ಗೌರವವಲ್ಲ. ಅವರ ಕೈ ಹಿಂದೆ ಸರಿದಾಗ ನಮ್ಮ ಗದ್ದೆ ಬೀಳು ಬೀಳಬೇಕೇ ಎಂಬುದೇ ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಬೀಜಧನವೆಂಬುದು ಯಾವುದೋ ದೊಡ್ಡ ನಿಧಿಯಲ್ಲ. ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕನಿಗೆ, ಮತ್ತೊಂದು ಊರಿನ ಅಥವಾ ಮತ್ತೊಂದು ದೇಶದ ವಿದ್ವಾಂಸನೊಡನೆ ಕೂಡಿ ಹೊಸದೊಂದು ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಒಂದೆರಡು ವರ್ಷಗಳ ಮಟ್ಟಿಗೆ ಕೊಡುವ ಅಲ್ಪಮೊತ್ತವೇ ಅದು. ಕೆಲವು ಹಳ್ಳಿಗಳನ್ನು ಸುತ್ತಿ ಬರಲು, ಕೆಲವು ನೂರು ಮಂದಿಯನ್ನು ವಿಚಾರಿಸಲು, ಕೆಲವು ರಕ್ತಪರೀಕ್ಷೆಗಳನ್ನು ನಡೆಸಲು ಅದು ಸಾಕಾಗುತ್ತದೆ. ಇದರಿಂದ ಪ್ರಶ್ನೆಯಲ್ಲಿ ಹುರುಳಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ದೊಡ್ಡ ಧನಸಹಾಯ ಕೊಡುವ ಸಂಸ್ಥೆಗಳೆಲ್ಲವೂ ಮೊದಲು ಕೇಳುವುದು ಈ ಪೂರ್ವಭಾವಿ ಪ್ರಮಾಣವನ್ನೇ. ಆದಕಾರಣ ಮೊದಲ ಹಿಡಿ ಬೀಜವನ್ನು ಕೊಡುವವನೇ ವಾಸ್ತವವಾಗಿ ಮುಂದೆ ಯಾವ ಪ್ರಶ್ನೆಗಳು ಬೆಳೆಯಬೇಕು, ಯಾವುವು ಮೊಳಕೆಯಲ್ಲಿಯೇ ಬಾಡಬೇಕು ಎಂಬುದನ್ನು ನಿರ್ಧರಿಸುವವನಾಗುತ್ತಾನೆ.

ಸಹಯೋಗದ ಆರೋಗ್ಯ ಸಂಶೋಧನೆಯೆಂಬುದು ಮೈಸೂರು ಸೀಮೆಗೆ ಹೊಸದೇನೂ ಅಲ್ಲ. 1920ರ ದಶಕದ ಕೊನೆಯಲ್ಲಿಯೇ ಮೈಸೂರು ಸಂಸ್ಥಾನವು ಅಮೆರಿಕಾದ ರಾಕ್‌ಫೆಲರ್ ಪ್ರತಿಷ್ಠಾನದವರೊಡನೆ ಕೈಜೋಡಿಸಿ ಮಲೇರಿಯಾ ಜ್ವರದ ವಿಚಾರವಾಗಿ ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಕ್ಷೇತ್ರಕೇಂದ್ರಗಳನ್ನು ನಡೆಸಿತು. ಪ್ರತಿಷ್ಠಾನದ ಡಾಕ್ಟರ್ ಸ್ವೀಟ್ ಅವರೂ ಸಂಸ್ಥಾನದ ಆರೋಗ್ಯ ಇಲಾಖೆಯ ಬಿ. ಎ. ರಾವ್ ಅವರೂ ಕೂಡಿ 1937ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅನಾಫಿಲಿಸ್ ಸ್ಟೆಫೆನ್ಸೈ ಎಂಬ ಸೊಳ್ಳೆಯಲ್ಲಿ ಬೇರೆ ಬೇರೆ ಬಗೆಗಳಿವೆ. ಅದರ ಮೊಟ್ಟೆಯ ಎರಡು ಪಕ್ಕದಲ್ಲಿರುವ ತೇಲುಚೀಲಗಳ ಮೇಲಿನ ಗೀರುಗಳನ್ನು ಎಣಿಸಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬಹುದು ಎಂದು ಅವರು ತೋರಿಸಿದರು. ಒಂದು ಬಗೆ ಪಟ್ಟಣದ ಬಾವಿ ತೊಟ್ಟಿಗಳಲ್ಲಿ ಬೆಳೆದು ಮನುಷ್ಯರಿಗೆ ಜ್ವರ ಹಂಚುವಂಥದು. ಮತ್ತೊಂದು ಹೆಚ್ಚಾಗಿ ಹಳ್ಳಿಯ ಕಡೆಯದು, ದನಕರುಗಳನ್ನು ಕಚ್ಚುವಂಥದು. ಈ ಎರಡನೆಯದಕ್ಕೆ ಅವರಿಟ್ಟ ಹೆಸರು ‘ಮೈಸೊರೆನ್ಸಿಸ್’. ನಮ್ಮ ನಾಡಿನ ಹೆಸರನ್ನು ಪ್ರಪಂಚದ ಕೀಟಶಾಸ್ತ್ರಜ್ಞರೆಲ್ಲರೂ ಇಂದಿಗೂ ಹೀಗೆ ಉಚ್ಚರಿಸುತ್ತಿದ್ದಾರೆ.

ಸೊಳ್ಳೆಯ ಮೊಟ್ಟೆಯ ಗೀರುಗಳನ್ನು ಎಣಿಸುವುದು ಅಂದಿನ ಸಾಮಾನ್ಯ ಜನರಿಗೆ ನಗೆಪಾಟಲಿನ ಕೆಲಸವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ 2012ರಲ್ಲಿ ಇದೇ ಜಾತಿಯ ಸೊಳ್ಳೆ ಆಫ್ರಿಕಾ ಖಂಡದ ಜಿಬೂತಿಯಲ್ಲಿ ಕಾಣಿಸಿಕೊಂಡಿತು. 2016ರಲ್ಲಿ ಇಥಿಯೋಪಿಯಾದಲ್ಲಿಯೂ ಸಿಕ್ಕಿತು. ಅಲ್ಲಿಯವರೆಗೆ ಬಹುಮಟ್ಟಿಗೆ ಹಳ್ಳಿಗಾಡಿನ ರೋಗವಾಗಿದ್ದ ಮಲೇರಿಯಾ ಆ ಖಂಡದ ನಗರಗಳಿಗೂ ಹಬ್ಬೀತೆಂಬ ಭೀತಿ ಹುಟ್ಟಿತು. ಇದನ್ನು ತಡೆಯಲೆಂದೇ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರತ್ಯೇಕವಾದ ಕಾರ್ಯಕ್ರಮವನ್ನು ಪ್ರಾರಂಭಿಸಬೇಕಾಯಿತು. ಬಂದಿರುವ ಸೊಳ್ಳೆ ಯಾವ ಬಗೆಯದೆಂದು ವಿಚಾರಿಸತೊಡಗಿದ ವಿದ್ವಾಂಸರು ಎಂಬತ್ತು ವರ್ಷಗಳ ಹಿಂದಿನ ಮೈಸೂರಿನ ಕೆಲಸಕ್ಕೆ ಮರಳಿ ಬರಬೇಕಾಯಿತು. ಚಿಕ್ಕ ಬಿತ್ತನೆಯ ಫಲ ಎಂದು, ಎಲ್ಲಿ, ಯಾರ ಕೈಸೇರುವುದೆಂಬುದನ್ನು ಬಿತ್ತುವಾಗಲೇ ಲೆಕ್ಕ ಹಾಕಲಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ.

ಎರಡನೆಯ ನಿದರ್ಶನವು ಮೈಸೂರು ಪಟ್ಟಣದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯದು. ಜನರು ಇಂದಿಗೂ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಆ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ರಿಜಿಸ್ಟರುಗಳಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಸಂಶೋಧನೆಯ ಉದ್ದೇಶವಿರಲಿಲ್ಲ. ತಮ್ಮ ನಿತ್ಯದ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡಿದರು, ಅಷ್ಟೆ. ಹುಟ್ಟುವಾಗ ಕೃಶರಾಗಿದ್ದವರು ನಡುವಯಸ್ಸಿನಲ್ಲಿ ಹೃದ್ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆಯೇ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಮತ್ತು ಅವರ ಸಹೋದ್ಯೋಗಿಗಳು ಎತ್ತಿದ್ದರು. 1990ರ ದಶಕದಲ್ಲಿ ಆ ಪ್ರಶ್ನೆ ಮೈಸೂರಿನ ರಿಜಿಸ್ಟರುಗಳನ್ನು ಹುಡುಕಿಕೊಂಡು ಬಂದಿತು. ಆ ಆಸ್ಪತ್ರೆಯಲ್ಲಿ ಹುಟ್ಟಿ ಈ ಊರಿನಲ್ಲಿಯೇ ನೆಲೆಸಿದ್ದವರನ್ನು ಹುಡುಕಿ, 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋಗ್ರಾಮಿಗೆ ಮೇಲ್ಪಟ್ಟು ತೂಗಿದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇಲ್ಲಿಯವರೆಗೆ ಇಂಗ್ಲೆಂಡಿನ ಪ್ರಶ್ನೆಗೆ ಮೈಸೂರು ‘ಅಹುದು’ ಎಂದಿತು. ಆದರೆ ಮಧುಮೇಹದ ವಿಷಯದಲ್ಲಿ ಮೈಸೂರು ಬೇರೆಯ ಉತ್ತರವನ್ನೇ ಕೊಟ್ಟಿತು. 1998ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಇಲ್ಲಿ ಆ ವ್ಯಾಧಿ ಹೆಚ್ಚಾಗಿ ಕಂಡುಬಂದುದು ಕೃಶವಾಗಿ ಹುಟ್ಟಿದವರಲ್ಲಿ ಅಲ್ಲ; ಉದ್ದಕ್ಕೆ ಮೀರಿ ದಪ್ಪವಾಗಿ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಹಾಗಾದರೆ ಗರ್ಭಿಣಿಯಾಗಿದ್ದಾಗಲೇ ತಾಯಿಯ ರಕ್ತದಲ್ಲಿ ಸಕ್ಕರೆಯ ಅಂಶ ಏರಿದ್ದಿರಬಹುದೇ ಎಂಬ ಹೊಸ ಪ್ರಶ್ನೆ ಇಲ್ಲಿಯೇ ಹುಟ್ಟಿತು. ಅದಕ್ಕಾಗಿ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಆರಂಭವಾದ, ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನದಲ್ಲಿ 830 ಮಂದಿ ಗರ್ಭಿಣಿಯರು ಸೇರಿದರು. ಅವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಬಸಿರಿನ ಮಧುಮೇಹವಿದ್ದುದು ತಿಳಿದುಬಂದಿತು. ಅವರ ಮಕ್ಕಳನ್ನು ವರ್ಷ ವರ್ಷವೂ ಪರೀಕ್ಷಿಸುತ್ತ ಬಂದವರು ಮೈಸೂರಿನಲ್ಲಿಯೇ ನೆಲೆಸಿ ಕೆಲಸಮಾಡಿದ ನಮ್ಮ ದೇಶದ ವೈದ್ಯರು.

ಓದುಗರು ಇದರ ತಾತ್ಪರ್ಯವನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ಪರದೇಶದ ಸಹಯೋಗದಿಂದ ನಮಗೆ ಲಾಭವಾಗಿದೆ; ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. ಆದರೆ ಎಲ್ಲೋ ಹುಟ್ಟಿದ ಪ್ರಶ್ನೆಯನ್ನು ಎರವಲು ತಂದು ಇಲ್ಲಿ ಪರೀಕ್ಷಿಸುವುದು ಒಂದು; ಇಲ್ಲಿಯ ದೇಹ, ಇಲ್ಲಿಯ ಊಟ, ಇಲ್ಲಿಯ ಮನೆ ಇವುಗಳಿಂದಲೇ ಪ್ರಶ್ನೆಯನ್ನು ಎತ್ತುವುದು ಇನ್ನೊಂದು. ಮೈಸೂರಿನ ಉತ್ತರ ಇಂಗ್ಲೆಂಡಿನ ಉತ್ತರಕ್ಕಿಂತ ಬೇರೆಯಾದ ಮೇಲೆ, ಮೈಸೂರಿನ ಪ್ರಶ್ನೆಯೂ ಬೇರೆಯೇ ಆಗಿರತಕ್ಕದ್ದು ನ್ಯಾಯವಷ್ಟೆ. ಆ ರಿಜಿಸ್ಟರುಗಳು ನಮ್ಮ ಊರಿನಲ್ಲಿಯೇ ದಶಕಗಳ ಕಾಲ ಕುಳಿತಿದ್ದುವು. ಅವುಗಳ ಬೆಲೆಯನ್ನು ಕಾಣಬಲ್ಲ ಕಣ್ಣು ನಮ್ಮಲ್ಲಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕಂಡವನಿಗೆ ಒಂದು ವರ್ಷದ ಬಿಡುವನ್ನೂ ನಾಲ್ಕು ಕಾಸನ್ನೂ ಕೊಟ್ಟು ‘ಹೋಗಿ ನೋಡು’ ಎನ್ನುವ ಏರ್ಪಾಡು ನಮ್ಮಲ್ಲಿರಲಿಲ್ಲವೆಂಬುದೇ ನಮ್ಮ ವ್ಯಸನ.

ಇಂತಹ ಪ್ರಶ್ನೆ ನಮ್ಮ ಅಡಿಗೆಮನೆಯಿಂದಲೂ ಹುಟ್ಟಬಲ್ಲದೆಂಬುದನ್ನು ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಶ್ವಾಸಕೋಶ ತಜ್ಞರು ತೋರಿಸಿಕೊಟ್ಟಿದ್ದಾರೆ. ಈ ಕಾಲೇಜಿನ ಮಾತೃಸಂಸ್ಥೆಯ ಮೂಲ ನಂಜನಗೂಡು ತಾಲ್ಲೂಕಿನ ಸುತ್ತೂರು ಶ್ರೀಕ್ಷೇತ್ರವೆಂಬುದು ಎಲ್ಲರಿಗೂ ತಿಳಿದ ವಿಷಯ. ಸೌದೆ, ಬೆರಣಿ, ಕಡ್ಡಿಕಸಗಳ ಹೊಗೆಯಲ್ಲಿ ಅಡಿಗೆ ಮಾಡುವ ಹೆಂಗಸರು ಕೆಮ್ಮು ದಮ್ಮುಗಳಿಂದ ನರಳುವರೆಂಬುದು ನಮ್ಮ ಅಜ್ಜಿಯರಿಗೂ ತಿಳಿದಿತ್ತು. ಆದರೆ ಎಷ್ಟು ಹೊಗೆ ಎಷ್ಟು ಕಾಲ ಕುಡಿದರೆ ಅಪಾಯ? ದಿನಕ್ಕೆ ಒಲೆಯ ಮುಂದೆ ಕುಳಿತ ಗಂಟೆಗಳನ್ನು ವರ್ಷಗಳ ಸಂಖ್ಯೆಯಿಂದ ಗುಣಿಸಿ ಬಂದ ಅಂಕ 60ನ್ನು ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ವ್ಯಾಧಿಯ ಸಂಭವ ಗಮನಾರ್ಹವಾಗಿ ಹೆಚ್ಚುತ್ತದೆಂದು ಮೈಸೂರು ಜಿಲ್ಲೆಯ ಗ್ರಾಮಾಂತರದ ಹೆಂಗಸರಲ್ಲಿ ನಡೆಸಿದ ಅಧ್ಯಯನವು 2013ರಲ್ಲಿ ಹೇಳಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಒಲೆಯೂದಿದರೆ ಅಂಕ 60. ಹದಿನೆಂಟನೆಯ ವಯಸ್ಸಿಗೆ ಮದುವೆಯಾಗಿ ಬಂದ ಸೊಸೆ ನಲವತ್ತು ತುಂಬುವುದರೊಳಗೆ ಈ ಗೆರೆಯನ್ನು ದಾಟಿರುತ್ತಾಳೆ. ಈ ಅಂಕವನ್ನು ಕಂಡುಹಿಡಿಯಲು ಯಾವ ಮಹಾಯಂತ್ರವೂ ಮುಖ್ಯವಾಗಿ ಬೇಕಾಗಿರಲಿಲ್ಲ. ಮನೆಮನೆಗೆ ಹೋಗಿ, ಕನ್ನಡದಲ್ಲಿ ಮಾತನಾಡಿಸಿ, ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವವರು ಬೇಕಾಗಿತ್ತು.

ಇನ್ನು ನಂಜನಗೂಡನ್ನೇ ನೋಡೋಣ. 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿ ನಂಜನಗೂಡಿನ ಹಲ್ಲುಪುಡಿಯನ್ನು ಮನೆಮನೆಗೆ ತಲಪಿಸಿದ ಈ ಊರು, ಶ್ರೀಕಂಠೇಶ್ವರನ ಸನ್ನಿಧಿಗೆ ರೋಗನಿವಾರಣೆಗಾಗಿ ಹರಕೆ ಹೊತ್ತು ಬರುವ ಜನರ ಊರು, 2020ರ ಮಾರ್ಚಿಯಲ್ಲಿ ಇದ್ದಕ್ಕಿದ್ದಂತೆ ದೇಶದ ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ಅಲ್ಲಿಯ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕೊರೋನಾ ಸೋಂಕು ಕಾಣಿಸಿತು. ಅವರು ಪರದೇಶಕ್ಕೆ ಹೋಗಿ ಬಂದವರಾಗಿರಲಿಲ್ಲ. ಕೆಲವೇ ವಾರಗಳಲ್ಲಿ ನೌಕರರು, ಅವರ ಕುಟುಂಬದವರು ಎಲ್ಲ ಸೇರಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಸಾವಿರಕ್ಕೂ ಹೆಚ್ಚು ನೌಕರರನ್ನು ಅವರವರ ಮನೆಗಳಲ್ಲಿ ಪ್ರತ್ಯೇಕವಾಗಿರಿಸಬೇಕಾಯಿತು. ಆರೋಗ್ಯ ಇಲಾಖೆಯವರೂ ಆಶಾ ಕಾರ್ಯಕರ್ತೆಯರೂ ಹಗಲಿರುಳು ದುಡಿದು ಅದನ್ನು ಅಡಗಿಸಿದರು. ಆದರೆ ಸೋಂಕು ಮೊದಲು ಎಲ್ಲಿಂದ ಬಂದಿತೆಂಬ ಪ್ರಶ್ನೆ ಬಹುಕಾಲ ವಾದವಿವಾದಗಳಿಗೆ ಗ್ರಾಸವಾಯಿತು. ವ್ಯಾಧಿ ಬಂದ ಮೇಲೆ ಬೇರೆಡೆಯಿಂದ ತಜ್ಞರು ಬಂದು ಊರನ್ನು ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಸುಳಿವು ಮಾಸಿಹೋಗುತ್ತದೆ. ಸುಮ್ಮನಿರುವ ಕಾಲದಲ್ಲಿಯೇ ಆ ಕಾರ್ಖಾನೆಗಳನ್ನೂ, ಅವುಗಳಿಗೆ ದುಡಿಯಲು ಹೋಗಿಬರುವ ಹಳ್ಳಿಗಳನ್ನೂ ಅರಿತ ವಿದ್ವಾಂಸರ ತಂಡವೊಂದು ಹತ್ತಿರದಲ್ಲಿ ಇದ್ದಿದ್ದರೆ ಎಂಬ ಯೋಚನೆ ನಮಗೆ ಬಾರದೆ ಇರದು. ಅಂತಹ ತಂಡವನ್ನು ಕಟ್ಟುವುದು ಬೀಜಧನದ ಕೆಲಸವೇ.

ತಿರುಮಕೂಡಲಿಗೆ ಬಂದರೆ ಪ್ರಶ್ನೆಗಳು ಇನ್ನೂ ಇವೆ. ಕಾವೇರಿ ಕಪಿಲೆಗಳ ಸಂಗಮದಲ್ಲಿ 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಲಕ್ಷಾಂತರ ಜನ ಒಂದೇ ನೀರಿನಲ್ಲಿ ಮೀಯುವ ದಿನಗಳ ಹಿಂದೆ ಮುಂದೆ ಆ ನೀರಿನ ಸ್ಥಿತಿಯೇನು, ಸುತ್ತಣ ಹಳ್ಳಿಗಳ ಮಕ್ಕಳ ಹೊಟ್ಟೆಯ ಸ್ಥಿತಿಯೇನು ಎಂಬುದನ್ನು ಕ್ರಮವಾಗಿ ಅಳೆದಿಟ್ಟರೆ ಅದು ಪ್ರಯಾಗಕ್ಕೂ ಬೇಕಾದ ವಿದ್ಯೆ, ಮೆಕ್ಕಾ ಯಾತ್ರೆಯ ವ್ಯವಸ್ಥಾಪಕರಿಗೂ ಬೇಕಾದ ವಿದ್ಯೆ. ನಾಲೆಯ ಬಯಲಿನಲ್ಲಿ ನಾಟಿ, ಕಳೆ, ಕೊಯ್ಲುಗಳ ಕಾಲಕ್ಕೆ ಹಾವಿನ ಕಡಿತ ಇನ್ನೊಂದು ಉಪದ್ರವ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು 2017ರಲ್ಲಿ ಉಪೇಕ್ಷಿತ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರದವರು 2024ರಲ್ಲಿ ಪ್ರತಿಯೊಂದು ಕಡಿತವನ್ನೂ ವರದಿಮಾಡತಕ್ಕದ್ದೆಂದು ವಿಧಿಸಿದರು. ಇದು ಸ್ತುತ್ಯವಾದ ಕಾರ್ಯ. ಆದರೆ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಭೇದಿಸುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷವೋ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತಿರುವುದು. ಹಾಗಾದರೆ ಕಾವೇರಿ ಬಯಲಿನ ನಾಗರ, ಕೊಳಕುಮಂಡಲಗಳಿಗೆ ಆ ಔಷಧ ಎಷ್ಟರಮಟ್ಟಿಗೆ ನಾಟುತ್ತದೆ? ಕಚ್ಚಿಸಿಕೊಂಡವನು ಮೊದಲು ಎಲ್ಲಿಗೆ ಹೋಗುತ್ತಾನೆ, ತಾಲ್ಲೂಕು ಆಸ್ಪತ್ರೆಯನ್ನು ಎಷ್ಟು ಗಂಟೆಗಳ ಮೇಲೆ ತಲಪುತ್ತಾನೆ? ಶ್ರೀಲಂಕೆ, ನೇಪಾಳ, ಬ್ರೆಜಿಲ್, ಆಫ್ರಿಕಾ ದೇಶಗಳ ವೈದ್ಯರಿಗೂ ಇದೇ ಚಿಂತೆ. ಸಹಯೋಗವೆಂದರೆ ಶ್ರೀಮಂತ ದೇಶದವರೊಡನೆ ಮಾತ್ರ ಎಂಬ ಭ್ರಮೆಯನ್ನು ನಾವು ಬಿಡತಕ್ಕದ್ದು. ಸಮಾನದುಃಖಿಗಳ ಸಹಯೋಗದಲ್ಲಿ ಒಬ್ಬರು ದಾನಿ, ಒಬ್ಬರು ಪ್ರತಿಗ್ರಾಹಿ ಎಂಬ ಭೇದವಿರುವುದಿಲ್ಲ.

ಹಣವೆಲ್ಲಿ ಎಂದು ಕೇಳುವವರಿದ್ದಾರೆ. 2020–21ರ ಲೆಕ್ಕದ ಪ್ರಕಾರ ನಮ್ಮ ದೇಶವು ಯಾವತ್ತೂ ಸಂಶೋಧನೆಗೆಂದು ವ್ಯಯಮಾಡಿದ್ದು ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 0.64ರಷ್ಟು, ನೂರು ರೂಪಾಯಿಗೆ ಅರವತ್ತನಾಲ್ಕು ಪೈಸೆ. 2023ರ ಶಾಸನದಿಂದ ಏರ್ಪಟ್ಟ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳೆಂದು ಹೇಳಿದರೂ, ಅದರಲ್ಲಿ ಬಹುಭಾಗ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ನಿರೀಕ್ಷೆಯಿದೆ. ರಾಜ್ಯದ ಹಲವು ಸರ್ಕಾರಿ ವಿಶ್ವವಿದ್ಯಾನಿಲಯಗಳಂತೂ ಪಿಂಚಣಿಯ ಭಾರದಿಂದಲೇ ಬಸವಳಿದಿವೆ. ವಿಶ್ವವಿದ್ಯಾನಿಲಯಗಳ ಗುಣವನ್ನು ಅಳೆಯುವ ನ್ಯಾಕ್ ಮಂಡಲಿಯವರು ಅಧ್ಯಾಪಕರಿಗೆ ಬೀಜಧನ ಕೊಟ್ಟಿರುವಿರಾ ಎಂದು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಪರಿಶೀಲಕರು ಬರುವ ವರ್ಷ ಪಟ್ಟಿಯನ್ನು ತುಂಬಲು ಚೂರುಚೂರಾಗಿ ಹಂಚುವ ಹಣ ಬಿತ್ತನೆಯಾಗದು. ಅದು ಬಂಡೆಯ ಮೇಲೆ ಎರಚಿದ ಕಾಳಷ್ಟೆ.

ಔಷಧಕ್ಕೇ ಹಣವಿಲ್ಲದಿರುವಲ್ಲಿ ಸಂಶೋಧನೆಯೆಂಬ ವಿಲಾಸವೇಕೆ ಎಂಬ ಆಕ್ಷೇಪಣೆಯನ್ನೂ ನಾವು ಕೇಳಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆಯಿಲ್ಲದೆ ಹಿಂದಿರುಗುವ ಬಡವನ ಪರವಾಗಿ ಎತ್ತಿದ ಈ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಯಾವ ಪ್ರತಿವಿಷ ನಾಟುತ್ತದೆ, ಯಾವ ಗರ್ಭಿಣಿಗೆ ಸಕ್ಕರೆಯ ಪರೀಕ್ಷೆ ಮೊದಲು ಆಗಬೇಕು, ಯಾವ ಅಡಿಗೆಮನೆಗೆ ಹೊಗೆಯಿಲ್ಲದ ಒಲೆ ಮೊದಲು ಸೇರಬೇಕು ಎಂಬುದು ತಿಳಿಯದೆ ಮಾಡಿದ ವೆಚ್ಚವು ಆ ಬಡವನ ಹಣದ ದುಂದೇ ಆಗುತ್ತದೆ. ಪರರ ಹಣವೇ ಬೇಡ, ಪರರ ಮುಖವೇ ಬೇಡ ಎನ್ನುವವರ ಮಾತನ್ನೂ ನಾವು ಒಪ್ಪಲಾರೆವು. ಸ್ವಾವಲಂಬನವೆಂದರೆ ಬಾಗಿಲು ಮುಚ್ಚಿಕೊಳ್ಳುವುದಲ್ಲ. ಬಂದವರನ್ನು ನಮ್ಮ ಮನೆಯ ಜಗಲಿಯಲ್ಲಿ ನಾವೇ ಕುಳ್ಳಿರಿಸಿ ಮಾತನಾಡುವುದು. ಮೊದಲ ಹಣ ನಮ್ಮದಾಗಿದ್ದರೆ, ಎರಡನೆಯ ಹಣ ಯಾವ ದೇಶದ್ದಾದರೂ ಸಮಾನಸ್ಕಂಧರಾಗಿ ನಿಲ್ಲಬಹುದು.

ಆದಕಾರಣ ಮೈಸೂರಿನ ವಿಶ್ವವಿದ್ಯಾನಿಲಯಗಳು, ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಒಂದು ಸ್ಥಿರವಾದ ಬೀಜಧನದ ನಿಧಿಯನ್ನು ಏರ್ಪಡಿಸಬೇಕೆಂದು ನಾವು ಸೂಚಿಸುತ್ತೇವೆ. ಒಂದೊಂದು ಪ್ರಶ್ನೆಗೆ ಐದಾರು ಲಕ್ಷ ರೂಪಾಯಿಯಂತೆ ವರ್ಷಕ್ಕೆ ಹತ್ತು ಪ್ರಶ್ನೆಗಳನ್ನು ಕೈಗೊಂಡರೂ ಒಂದು ಕಟ್ಟಡದ ಮುಂಭಾಗದ ಅಲಂಕಾರಕ್ಕೆ ಆಗುವಷ್ಟು ವೆಚ್ಚವಾಗದು. ನಂಜನಗೂಡಿನ ಕೈಗಾರಿಕೋದ್ಯಮಿಗಳು ಕಾನೂನಿನ ಮೇರೆಗೆ ಸಮಾಜಕಾರ್ಯಕ್ಕೆ ತೆಗೆದಿಡಬೇಕಾದ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಕೊಡಲಿ. ಆದರೆ ಕೆಲವು ನಿಬಂಧನೆಗಳು ಅವಶ್ಯ. ಪ್ರಶ್ನೆಯು ತಾಲ್ಲೂಕಿನ ವೈದ್ಯರೊಡನೆಯೂ ಗ್ರಾಮಸ್ಥರೊಡನೆಯೂ ಮಾತನಾಡಿ ಆರಿಸಿದುದಾಗಿರಬೇಕು. ಸಂಗ್ರಹಿಸಿದ ರಕ್ತದ ಮಾದರಿ ಮತ್ತು ದಾಖಲೆಗಳು ಇಲ್ಲಿಯೇ ಇರಬೇಕು. ಮನೆಮನೆ ಅಲೆಯುವ ಕೆಲಸವನ್ನು ಹೊರುವ ಆಶಾ ಕಾರ್ಯಕರ್ತೆಯರಿಗೆ ಅದಕ್ಕೆ ತಕ್ಕ ವೇತನ ಸಲ್ಲಬೇಕು. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಿನಲ್ಲಿ ಕುಳಿತ ಆ ಹೆಂಗಸರಿಂದ ಬಿಟ್ಟಿ ದುಡಿಮೆ ಪಡೆದು ಬೆಳೆಯುವ ವಿದ್ಯೆ ನಮಗೆ ಬೇಡ. ಫಲಿತಾಂಶವನ್ನು, ಅದು ವಿಫಲವಾದುದಾದರೂ ಸರಿಯೆ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ತನ್ನ ತೋಳಿನ ರಕ್ತ ಕೊಟ್ಟವಳಿಗೆ ಅದರಿಂದ ಏನು ತಿಳಿಯಿತೆಂಬುದನ್ನು ತಿಳಿಸದಿರುವುದು ಸಾಲವನ್ನು ಮುಳುಗಿಸಿದಂತೆಯೇ ಸರಿ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ, ದೇಶೀಯ ಸಂಸ್ಥಾನವೊಂದು ತನ್ನ ಸ್ವಂತ ಬಲದಿಂದ ವಿಶ್ವವಿದ್ಯಾನಿಲಯವನ್ನು ನಡೆಸಬಲ್ಲದೇ ಎಂಬ ಸಂಶಯವನ್ನು ದಾಟಿಯೇ ಅದು ನಿಲ್ಲಬೇಕಾಯಿತು. ಇಂದು ನಮ್ಮ ಮುಂದಿರುವ ಕೆಲಸ ಅದಕ್ಕಿಂತ ಬಹಳ ಚಿಕ್ಕದು. ಹೊಳೆಯ ನೀರು ಇಳಿದಾಗ ಆಕಾಶವನ್ನು ನೋಡುತ್ತ ಕುಳಿತುಕೊಳ್ಳದೆ, ಕಣಜದ ಮೂಲೆಯಲ್ಲಿ ಕಟ್ಟಿಟ್ಟ ಬಿತ್ತನೆಯ ಬತ್ತವನ್ನು ನೆನೆಹಾಕಿ ಒಟ್ಟಲು ಬಿಡುವ ಒಕ್ಕಲಿಗನ ವಿವೇಕವಷ್ಟೇ ಅದಕ್ಕೆ ಬೇಕಾದುದು. ಆ ವಿವೇಕ ಕಪಿಲೆಯ ದಡದ ಹಳ್ಳಿಗಳಲ್ಲಿ ಇನ್ನೂ ಇದೆ. ಮೈಸೂರಿನ ವಿದ್ಯಾಮಂದಿರಗಳ ಅಧಿಕಾರಿಗಳಲ್ಲಿಯೂ ಅದು ಕಾಣಿಸಿಕೊಳ್ಳುವುದೆಂದು ನಾವು ನಂಬಿದ್ದೇವೆ. ಬರುವ ವರ್ಷದ ಆಯವ್ಯಯದ ಪಟ್ಟಿಯಲ್ಲಿ ಅದರ ಗುರುತನ್ನು ಎದುರುನೋಡುತ್ತೇವೆ.